ಸಂಶೋಧನಾರ್ಥಿಯ ಮೊದಲ ವರ್ಷ ಮತ್ತು ನಗರದ ಗ್ರಂಥಾಲಯಗಳು: ಮೈಸೂರನ್ನು ಕೇಂದ್ರವಾಗಿಟ್ಟುಕೊಂಡ ಒಂದು ವಿವೇಚನೆ

1. ಪೀಠಿಕೆ

ಕನ್ನಡದಲ್ಲಿ ಸಂಶೋಧನೆಯ ವಿಧಿವಿಧಾನಗಳನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆಕರಗಳನ್ನು ಪ್ರಾಥಮಿಕ, ದ್ವಿತೀಯಕ ಎಂದು ವಿಂಗಡಿಸುವ ಕ್ರಮ, ಟಿಪ್ಪಣಿ ಮಾಡಿಕೊಳ್ಳುವ ಬಗೆ, ಅಡಿಟಿಪ್ಪಣಿಯ ಶಿಸ್ತು, ಗ್ರಂಥಋಣದ ಸ್ವರೂಪ ಇವೆಲ್ಲವೂ ನಮ್ಮ ಪಠ್ಯಕ್ರಮದಲ್ಲಿ ಸೇರಿವೆ. ಆದರೆ ಆ ಆಕರಗಳು ಯಾವ ಕಟ್ಟಡದಲ್ಲಿವೆ, ಯಾವ ಹೆಸರಿನಡಿಯಲ್ಲಿ ಅಡಗಿವೆ, ಅವು ಅಲ್ಲಿಗೆ ಬಂದುದು ಹೇಗೆ, ಅವುಗಳ ಬಳಿಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆಗಳು ಮಾತ್ರ ವಿಧಾನಶಾಸ್ತ್ರದ ಹೊರಗೆ ಉಳಿದಿವೆ. ಇವನ್ನು ಸಂಶೋಧನಾರ್ಥಿಯು ತಾನಾಗಿಯೇ ಕಲಿತುಕೊಳ್ಳಬೇಕು ಎಂಬುದು ನಮ್ಮ ವಿಭಾಗಗಳ ಅಲಿಖಿತ ನಿಯಮ.

ಈ ನಿಯಮದ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಗಮನಿಸಬೇಕು. ವಿದ್ವತ್ತಿನ ಮನೆತನದಿಂದ ಬಂದವರಿಗೆ, ನಗರದಲ್ಲಿಯೇ ಓದಿದವರಿಗೆ ಈ ಜ್ಞಾನ ಮಾತುಕತೆಯಲ್ಲಿಯೇ ದೊರೆತಿರುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪದವಿ ಮುಗಿಸಿ, ಪಠ್ಯಪುಸ್ತಕ ಮತ್ತು ಅಧ್ಯಾಪಕರ ಟಿಪ್ಪಣಿಗಳನ್ನಷ್ಟೇ ಕಂಡು, ಮೊದಲ ಬಾರಿಗೆ ವಿಶ್ವವಿದ್ಯಾನಿಲಯದ ನಗರಕ್ಕೆ ಬಂದವರಿಗೆ ಗ್ರಂಥಾಲಯವೆಂದರೆ ಒಂದೇ ಕಟ್ಟಡ. ಅಲ್ಲಿ ಸಿಗದಿದ್ದರೆ ಪುಸ್ತಕವೇ ಇಲ್ಲ. ಹೀಗೆ ಮೊದಲ ವರ್ಷ ಕಳೆದುಹೋಗುತ್ತದೆ. ಅನಂತರ ಅವಸರಕ್ಕೆ ಸಿಕ್ಕ ಇನ್ನೊಬ್ಬರ ಪ್ರಬಂಧವೇ ಆಕರವಾಗುತ್ತದೆ. ಇದು ಒಬ್ಬ ವಿದ್ಯಾರ್ಥಿಯ ನಷ್ಟ ಮಾತ್ರವಲ್ಲ. ಆ ಪ್ರಬಂಧವನ್ನು ನಂಬಿ ಮುಂದುವರಿಯುವ ಕನ್ನಡ ಅಧ್ಯಯನದ ನಷ್ಟವೂ ಹೌದು.

ಪ್ರಸ್ತುತ ಲೇಖನದಲ್ಲಿ ಮೈಸೂರು ನಗರವನ್ನು ನಿದರ್ಶನವಾಗಿ ಇಟ್ಟುಕೊಂಡು, ಕನ್ನಡ ಸಂಶೋಧನಾರ್ಥಿಯೊಬ್ಬರು ನಗರದ ಗ್ರಂಥಾಲಯಗಳನ್ನು ಅರಿಯಬೇಕಾದ ಕ್ರಮವನ್ನು ವಿವರಿಸಲು ಪ್ರಯತ್ನಿಸಲಾಗಿದೆ. ಇಲ್ಲಿ ಹೇಳಿದ ಬಹುಪಾಲು ಸಂಗತಿಗಳು ಧಾರವಾಡಕ್ಕೂ ಬೆಂಗಳೂರಿಗೂ ಬೇರೆ ವಿವರಗಳೊಡನೆ ಅನ್ವಯಿಸುತ್ತವೆ.

2. ಸಂಗ್ರಹಗಳ ಚರಿತ್ರೆಯೇ ದಾರಿತೋರುಗ

ಯಾವ ಪುಸ್ತಕ ಎಲ್ಲಿದೆ ಎಂಬುದನ್ನು ಬಾಯಿಪಾಠ ಮಾಡುವುದಕ್ಕಿಂತ ಯಾವ ಸಂಸ್ಥೆ ಯಾವಾಗ, ಯಾವ ಉದ್ದೇಶಕ್ಕೆ ಹುಟ್ಟಿತು ಎಂಬುದನ್ನು ತಿಳಿಯುವುದು ಹೆಚ್ಚು ಉಪಯುಕ್ತ. ಸಂಗ್ರಹದ ಸ್ವರೂಪವನ್ನು ನಿರ್ಧರಿಸುವುದು ಈ ಚರಿತ್ರೆಯೇ.

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಸಂಸ್ಕೃತ ಹಾಗೂ ಕನ್ನಡ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಸಂಪಾದಿಸಿ, ಪ್ರಕಟಿಸುವುದು ಇದರ ಉದ್ದೇಶವಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡ ಮೇಲೆ ಇದು ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಒಳಪಟ್ಟು, ಮುಂದೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಹೆಸರಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಸಂಗ ಎಲ್ಲರಿಗೂ ತಿಳಿದುದೇ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ, ಗ್ರಂಥಲಿಪಿಯ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆಗ ಶಾಮಶಾಸ್ತ್ರಿಗಳು ಅಲ್ಲಿಯ ಗ್ರಂಥಪಾಲಕರಾಗಿದ್ದರು ಎಂಬ ಸಂಗತಿಯನ್ನು ಮಾತ್ರ ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಪ್ರತಿಯನ್ನು ಕಾಯುವವರೂ ಓದುವವರೂ ಒಬ್ಬರೇ ಆಗಿದ್ದ ಕಾಲವದು. ಇವೆರಡೂ ಬೇರೆಯಾದ ಇಂದಿನ ಸ್ಥಿತಿಯಲ್ಲಿ, ಕಾಯುವವರೊಡನೆ ಓದುವವರು ಮಾತು ಬೆಳೆಸದಿದ್ದರೆ ಪ್ರತಿಯು ಕಪಾಟಿನಲ್ಲಿಯೇ ಉಳಿಯುತ್ತದೆ.

1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಆರಂಭವಾದಾಗ ಕನ್ನಡ ಹಸ್ತಪ್ರತಿಗಳ ಸಂಗ್ರಹವು ಅದರ ಭಾಗವಾಯಿತು. ಇಂದು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯೆಂದು ಕರೆಯಲಾಗುವ ಈ ಸಂಸ್ಥೆಯಲ್ಲಿ ಹಸ್ತಪ್ರತಿ, ಶಾಸನಸಂಪುಟ, ವಿಶ್ವಕೋಶ, ಜಾನಪದ ಮೊದಲಾದ ಕ್ಷೇತ್ರಗಳಲ್ಲಿ ದೊಡ್ಡ ಯೋಜನೆಗಳು ನಡೆದಿವೆ. ಆದ್ದರಿಂದ ಹಳೆಯ ಸಂಪಾದಿತ ಕೃತಿಯ ಪೀಠಿಕೆಯಲ್ಲಿ ಕನ್ನಡ ಪ್ರತಿಯೊಂದು ಪ್ರಾಚ್ಯ ಪುಸ್ತಕಾಲಯದಲ್ಲಿದೆ ಎಂದು ಬರೆದಿದ್ದರೆ, ಅದನ್ನು ಇಂದು ಅಲ್ಲಿಗೆ ಹೋಗಿ ಕೇಳುವ ಮುನ್ನ ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ಸೂಚಿಗಳನ್ನು ನೋಡುವುದು ಲೇಸು. ಪ್ರತಿ ಕಳೆದುಹೋಗಿದೆ ಎಂದು ಪ್ರಬಂಧದಲ್ಲಿ ಬರೆದುಬಿಡುವ ಮೊದಲು ಅದು ಮನೆ ಬದಲಿಸಿದೆಯೇ ಎಂದು ವಿಚಾರಿಸಬೇಕು.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನಶಾಸ್ತ್ರ ವಿಭಾಗದ ಪ್ರಧಾನ ಕಚೇರಿಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು. ಶಾಸನಗಳ ಅಚ್ಚಾದ ಪಾಠದಲ್ಲಿ ಸಂದೇಹ ಬಂದವರು ಪಡಿಯಚ್ಚುಗಳ ಬಗೆಗೆ ವಿಚಾರಿಸಬೇಕಾದ ಸ್ಥಳಗಳಲ್ಲಿ ಇದು ಮುಖ್ಯವಾದುದು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಗ್ರಂಥಾಲಯವು ಭಾಷಾವಿಜ್ಞಾನ, ಉಪಭಾಷೆ, ಬುಡಕಟ್ಟು ಭಾಷೆ, ಭಾಷಾಬೋಧನೆ ಮತ್ತು ಇತರ ಭಾರತೀಯ ಭಾಷೆಗಳ ಸಾಹಿತ್ಯಕ್ಕೆ ಸಂಬಂಧಿಸಿದ ಪುಸ್ತಕಗಳಿಗಾಗಿ ಹೋಗಬೇಕಾದ ಸ್ಥಳ. ತೌಲನಿಕ ಅಧ್ಯಯನವನ್ನು ಕೈಗೊಂಡವರು ಕನ್ನಡ ವಿಭಾಗದ ಗ್ರಂಥಾಲಯದಲ್ಲಿ ತಮಿಳು, ತೆಲುಗು ವಿಮರ್ಶೆಯನ್ನು ಹುಡುಕಿ ನಿರಾಶರಾಗುವುದುಂಟು. ಅದೇ ಗಂಗೋತ್ರಿಯ ಆವರಣದಲ್ಲಿ ಕೆಲವೇ ನಿಮಿಷ ನಡೆದರೆ ಸಿಗುವ ಈ ಸಂಗ್ರಹ ಅವರ ಗಮನಕ್ಕೆ ಬಂದಿರುವುದಿಲ್ಲ.

ಇವುಗಳೊಡನೆ ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯ ಗ್ರಂಥಾಲಯ, ಹಳೆಯ ಕಾಲೇಜುಗಳ ಗ್ರಂಥಾಲಯಗಳು, 1876ರಲ್ಲಿ ಸ್ಥಾಪನೆಯಾದ ಮಹಾರಾಜ ಸಂಸ್ಕೃತ ಮಹಾಪಾಠಶಾಲೆ, ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳು ಇವೆ. ಮಾನಸಗಂಗೋತ್ರಿಯು ಸ್ನಾತಕೋತ್ತರ ಕೇಂದ್ರವಾಗಿ ರೂಪುಗೊಂಡದ್ದು 1960ರ ದಶಕದಲ್ಲಿ. ಅದಕ್ಕಿಂತ ಹಿಂದಿನ ಬೋಧನೆಯೆಲ್ಲ ನಗರದ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಆದಕಾರಣ ಇಪ್ಪತ್ತನೆಯ ಶತಮಾನದ ಮೊದಲರ್ಧದ ಕನ್ನಡ ಪುಸ್ತಕಗಳನ್ನು ಅರಸುವವರು ಕಾಲೇಜು ಗ್ರಂಥಾಲಯಗಳನ್ನೂ ವಿಚಾರಿಸದೆ ಬಿಡಬಾರದು.

3. ಸೂಚಿಯನ್ನು ಓದುವ ಬಗೆ

ಗ್ರಂಥಾಲಯದೊಳಗೆ ಹೊಸಬರು ಎದುರಿಸುವ ಮೊದಲ ತೊಡಕು ಸೂಚಿ. ಕಾರ್ಡುಗಳ ಪೆಟ್ಟಿಗೆಯಾಗಿರಲಿ, ಗಣಕದ ಸೂಚಿಯಾಗಿರಲಿ, ಇದರ ಸ್ವಭಾವವನ್ನು ತಿಳಿಯದೆ ಹುಡುಕಿದರೆ ಇರುವ ಪುಸ್ತಕವೂ ಇಲ್ಲವೆಂದೇ ತೋರುತ್ತದೆ. ಕನ್ನಡದ ಮಟ್ಟಿಗೆ ಈ ತೊಡಕು ನಾಲ್ಕು ಬಗೆಯದು.

ಮೊದಲನೆಯದು ಲೇಖಕರ ಹೆಸರು. ಕಾವ್ಯನಾಮ ಮತ್ತು ನಿಜನಾಮಗಳ ನಡುವೆ ಸೂಚಿಕಾರರು ಯಾವುದನ್ನು ಆರಿಸಿಕೊಂಡಿದ್ದಾರೆ ಎಂಬುದು ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಬದಲಾಗುತ್ತದೆ. ಕುವೆಂಪು ಅವರ ಕೃತಿಗಳು ಒಂದೆಡೆ ಕುವೆಂಪು ಎಂದು, ಇನ್ನೊಂದೆಡೆ ಪುಟ್ಟಪ್ಪ ಎಂದು ದಾಖಲಾಗಿರಬಹುದು. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ತ್ರಿವೇಣಿ ಮತ್ತು ಅನಸೂಯ ಶಂಕರ ಇವೆಲ್ಲ ಇದೇ ಬಗೆಯವು. ನಮ್ಮಲ್ಲಿ ಇನಿಷಿಯಲ್ಲುಗಳಿಂದಲೇ ಗುರುತಿಸುವ ರೂಢಿಯೂ ಇದೆ. ತೀನಂಶ್ರೀ, ಡಿ.ಎಲ್.ಎನ್., ಡಿ.ವಿ.ಜಿ. ಎಂದು ತರಗತಿಯಲ್ಲಿ ಕೇಳಿದ ವಿದ್ಯಾರ್ಥಿಗೆ ಸೂಚಿಯಲ್ಲಿ ಶ್ರೀಕಂಠಯ್ಯ, ನರಸಿಂಹಾಚಾರ್, ಗುಂಡಪ್ಪ ಎಂದು ನೋಡಬೇಕೆಂದು ಹೊಳೆಯುವುದಿಲ್ಲ.

ಎರಡನೆಯದು ಕೃತಿಯ ಹೆಸರು. ಪ್ರಾಚೀನ ಕೃತಿಗಳಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಪಂಪಭಾರತವೆಂದು ಕೇಳಿದರೆ ಇಲ್ಲವೆನ್ನುವ ಸೂಚಿಯಲ್ಲಿ ವಿಕ್ರಮಾರ್ಜುನವಿಜಯ ಇರುತ್ತದೆ. ಗದುಗಿನ ಭಾರತ, ಕುಮಾರವ್ಯಾಸ ಭಾರತ, ಕರ್ಣಾಟ ಭಾರತ ಕಥಾಮಂಜರಿ ಇವು ಮೂರೂ ಒಂದೇ. ವಡ್ಡಾರಾಧನೆಯ ವಿಷಯದಲ್ಲಿ ಕೃತಿಯ ಹೆಸರಿನ ಜೊತೆಗೆ ಕರ್ತೃವಿನ ಪ್ರಶ್ನೆಯೂ ಚರ್ಚೆಗೆ ಒಳಗಾಗಿರುವುದರಿಂದ ಶಿವಕೋಟ್ಯಾಚಾರ್ಯ, ಭ್ರಾಜಿಷ್ಣು ಎರಡು ಹೆಸರುಗಳಡಿಯಲ್ಲೂ, ಸಂಪಾದಕರ ಹೆಸರಿನಡಿಯಲ್ಲೂ ಹುಡುಕುವುದು ಅಗತ್ಯ. ಹಳಗನ್ನಡ ಕೃತಿಯನ್ನು ಅರಸುವಾಗ ಸಂಪಾದಕರ ಹೆಸರು ಕವಿಯ ಹೆಸರಿನಷ್ಟೇ ಮುಖ್ಯವಾದ ಬೀಗದ ಕೈ.

ಮೂರನೆಯದು ಲಿಪಿ. ಗಣಕದ ಸೂಚಿಗಳಲ್ಲಿ ಕನ್ನಡ ಪುಸ್ತಕಗಳ ವಿವರಗಳನ್ನು ರೋಮನ್ ಲಿಪಿಯಲ್ಲಿ ತುಂಬಿರುವುದು ಸಾಮಾನ್ಯ. ಲಿಪ್ಯಂತರಕ್ಕೆ ಏಕರೂಪದ ನಿಯಮವನ್ನು ಪಾಲಿಸದೆ ಇರುವುದರಿಂದ ದೀರ್ಘ, ಮಹಾಪ್ರಾಣ, ಮೂರ್ಧನ್ಯಗಳು ತುಂಬಿದವರ ಉಚ್ಚಾರದಂತೆ ಬದಲಾಗುತ್ತವೆ. ಶ್ರೀಕಂಠಯ್ಯ ಎಂಬ ಒಂದೇ ಹೆಸರನ್ನು ನಾಲ್ಕೈದು ಬಗೆಯಲ್ಲಿ ಬರೆಯಲು ಸಾಧ್ಯ. ಕನ್ನಡ ಲಿಪಿಯಲ್ಲಿ ತುಂಬಿರುವಲ್ಲಿಯೂ ಯೂನಿಕೋಡ್ ಪೂರ್ವದ ತಂತ್ರಾಂಶಗಳಲ್ಲಿ ಸಿದ್ಧವಾದ ದಾಖಲೆಗಳು ಹುಡುಕಾಟಕ್ಕೆ ಸಿಗುವುದಿಲ್ಲ. ಇದಕ್ಕೆ ಸರಳ ಉಪಾಯವೆಂದರೆ ಹೆಸರನ್ನು ಪೂರ್ತಿಯಾಗಿ ಬೆರಳಚ್ಚಿಸದೆ, ಸಂದೇಹವಿಲ್ಲದ ಮೊದಲ ಮೂರುನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕುವುದು. ಲೇಖಕರಲ್ಲಿ ಸಿಗದಿದ್ದರೆ ಶೀರ್ಷಿಕೆಯ ಒಂದು ಪದದಿಂದ, ಅಲ್ಲಿಯೂ ಸಿಗದಿದ್ದರೆ ಪ್ರಕಾಶಕರ ಹೆಸರಿನಿಂದ ಹುಡುಕುವುದು. ಹಳೆಯ ಕಾರ್ಡುಗಳನ್ನು ಉಳಿಸಿಕೊಂಡಿರುವ ಗ್ರಂಥಾಲಯವಾದರೆ ಅವನ್ನೂ ನೋಡಬೇಕು. ಕಾರ್ಡಿನಲ್ಲಿದ್ದುದೆಲ್ಲವೂ ಗಣಕಕ್ಕೆ ಬಂದಿದೆ ಎಂದು ಭಾವಿಸುವಂತಿಲ್ಲ.

ನಾಲ್ಕನೆಯದು ವರ್ಗೀಕರಣ. ನಮ್ಮ ಬಹುಪಾಲು ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕನ್ನಡ ಭಾಷೆಗೆ 494.814, ಜಾನಪದಕ್ಕೆ 398, ಕರ್ನಾಟಕದ ಚರಿತ್ರೆಗೆ 954.87 ಎಂಬ ಸಂಖ್ಯೆಗಳಿವೆ. ಸಾಹಿತ್ಯದ ಸಂಖ್ಯೆಯ ಮುಂದೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥನ ಸಾಹಿತ್ಯ, 4 ಪ್ರಬಂಧ. ಆದರೆ ಕನ್ನಡದ ಸಾಹಿತ್ಯಪ್ರಕಾರಗಳು ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ವಚನಗಳು ಒಂದು ಗ್ರಂಥಾಲಯದಲ್ಲಿ ಕಾವ್ಯದ ಕಪಾಟಿನಲ್ಲಿದ್ದರೆ ಇನ್ನೊಂದರಲ್ಲಿ 294.5ರ ಧರ್ಮದ ಕಪಾಟಿನಲ್ಲಿರುತ್ತವೆ. ಒಂದೇ ಗ್ರಂಥಾಲಯದಲ್ಲಿ ಎರಡೂ ಕಡೆ ಹಂಚಿಹೋಗಿರುವುದೂ ಉಂಟು. ಜೈನ ಪುರಾಣಗಳ ಅಧ್ಯಯನಗಳು 294.4ರಲ್ಲಿ, ಯಕ್ಷಗಾನ ಪ್ರಸಂಗಗಳು ನಾಟಕ, ಜಾನಪದ, ರಂಗಕಲೆ ಈ ಮೂರರಲ್ಲಿ ಎಲ್ಲಿಯಾದರೂ ಸಿಗಬಹುದು. ಯಾವ ಕೃತಿಯನ್ನು ಧರ್ಮವೆಂದು, ಯಾವುದನ್ನು ಸಾಹಿತ್ಯವೆಂದು ಪರಿಗಣಿಸಲಾಗಿದೆ ಎಂಬುದು ವಿಮರ್ಶೆಯ ಪ್ರಶ್ನೆಯಷ್ಟೇ ಅಲ್ಲ, ಕಪಾಟಿನ ಪ್ರಶ್ನೆಯೂ ಹೌದು. ಆದ್ದರಿಂದ ತನ್ನ ವಿಷಯಕ್ಕೆ ಸಂಬಂಧಿಸಿದ ಮೂರು ನಾಲ್ಕು ಸಂಖ್ಯೆಗಳನ್ನು ಗುರುತು ಮಾಡಿಕೊಂಡು, ಕಪಾಟುಗಳು ತೆರೆದಿರುವಲ್ಲಿ ಅವುಗಳ ಮುಂದೆ ಒಂದು ದಿನ ನಿಂತು ಪುಸ್ತಕಗಳ ಬೆನ್ನುಗಳನ್ನು ಓದುವುದು ಯಾವ ಸೂಚಿಯೂ ಕೊಡಲಾರದ ಪರಿಚಯವನ್ನು ಕೊಡುತ್ತದೆ.

4. ಆವೃತ್ತಿ ಮತ್ತು ಸಂಚಿಕೆ

ಪುಸ್ತಕ ಸಿಕ್ಕಿತೆಂದ ಮಾತ್ರಕ್ಕೆ ಆಕರ ಸಿಕ್ಕಿತೆಂದು ಅರ್ಥವಲ್ಲ. ಯಾವ ಆವೃತ್ತಿ ಎಂಬುದು ನಿರ್ಣಾಯಕ. ಶ್ರವಣಬೆಳಗೊಳದ ಶಾಸನಗಳು ಇದಕ್ಕೆ ಉತ್ತಮ ನಿದರ್ಶನ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಅವರು 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573 ಶಾಸನಗಳಿವೆ. ಮೂರರಲ್ಲಿಯೂ ಕ್ರಮಸಂಖ್ಯೆಗಳು ಬೇರೆ. ಆವೃತ್ತಿಯ ವರ್ಷವನ್ನು ಹೇಳದೆ ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ ಎರಡು, ಶಾಸನ ಸಂಖ್ಯೆ ಇಷ್ಟು ಎಂದು ಬರೆದ ಅಡಿಟಿಪ್ಪಣಿಯಿಂದ ಓದುಗರು ಮೂರು ಬೇರೆ ಬೇರೆ ಶಾಸನಗಳನ್ನು ತಲಪಬಹುದು. ಉಳಿದ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕುಗಳ ಹಂಚಿಕೆಯೂ ಹಳೆಯ ಮತ್ತು ಪರಿಷ್ಕೃತ ಆವೃತ್ತಿಗಳಲ್ಲಿ ಒಂದೇ ಆಗಿಲ್ಲ. ಪರಿಷ್ಕೃತ ಆವೃತ್ತಿ ಇರುವಾಗ ಹಳೆಯದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: 1973ಕ್ಕಿಂತ ಹಿಂದಿನ ವಿದ್ವಾಂಸರ ಉಲ್ಲೇಖಗಳನ್ನು ಪರಿಶೀಲಿಸಬೇಕಾದರೆ ಅವರು ಬಳಸಿದ ಆವೃತ್ತಿಯನ್ನೇ ಕೈಗೆತ್ತಿಕೊಳ್ಳಬೇಕು.

ಕಾವ್ಯಗಳ ವಿಷಯವೂ ಹೀಗೆಯೇ. ಪಂಪಭಾರತವನ್ನು ರೈಸ್ ಅವರು 1898ರಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಬಂದಿತು. ಕವಿಚರಿತೆಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದುವು. ನಡುವಣ ಅವಧಿಯಲ್ಲಿ ಹೊಸ ಪ್ರತಿಗಳು, ಹೊಸ ಶಾಸನಗಳು ದೊರೆತಂತೆ ಕವಿಗಳ ಕಾಲದೇಶಗಳ ಬಗೆಗಿನ ತೀರ್ಮಾನಗಳು ಬದಲಾಗಿವೆ. ವಿದ್ವಾಂಸರೊಬ್ಬರು ಹೀಗೇಕೆ ಬರೆದರು ಎಂಬುದನ್ನು ತಿಳಿಯಲು ಅವರ ಮೇಜಿನ ಮೇಲಿದ್ದ ಆವೃತ್ತಿ ಯಾವುದೆಂಬುದು ತಿಳಿದಿರಬೇಕು.

ನಿಯತಕಾಲಿಕಗಳು ಇನ್ನೂ ಕಷ್ಟದ ಕ್ಷೇತ್ರ. ಧಾರವಾಡದ ವಾಗ್ಭೂಷಣ 1896ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಲ್ಲಿ, ಪ್ರಬುದ್ಧ ಕರ್ನಾಟಕ 1919ರಲ್ಲಿ, ಜಯಕರ್ನಾಟಕ 1922ರಲ್ಲಿ, ಶಿವಾನುಭವ 1926ರಲ್ಲಿ ಆರಂಭವಾದುವು. ಆಧುನಿಕ ಕನ್ನಡ ವಿಮರ್ಶೆ, ಭಾಷಾಶಾಸ್ತ್ರ, ಸಂಶೋಧನೆಗಳು ಮೊದಲು ಮೈದಾಳಿದ್ದು ಈ ಪುಟಗಳಲ್ಲಿಯೇ. ಅನೇಕ ಲೇಖನಗಳು ಇಂದಿಗೂ ಪುಸ್ತಕರೂಪದಲ್ಲಿ ಬಂದಿಲ್ಲ. ಬಂದಿರುವವುಗಳಲ್ಲಿ ಲೇಖಕರೇ ತಿದ್ದಿದ ಪಾಠಗಳಿವೆ. ಹಳೆಯ ಸಂಚಿಕೆಗಳಲ್ಲಿ ಸಂವತ್ಸರದ ಹೆಸರನ್ನಷ್ಟೇ ಕೊಟ್ಟಿರುವುದೂ ಉಂಟು. ಸಿದ್ಧಾರ್ಥಿ ಎಂದರೆ 1919–20, ಪ್ರಭವ ಎಂದರೆ 1927–28. ಅರುವತ್ತು ವರ್ಷಗಳ ಚಕ್ರವಾದ್ದರಿಂದ 1867–68ರಲ್ಲಿಯೂ 1987–88ರಲ್ಲಿಯೂ ಪ್ರಭವವೇ ಬರುತ್ತದೆ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಜನವರಿಯ ಸಂಚಿಕೆ ಹಿಂದಿನ ಸಂವತ್ಸರಕ್ಕೆ ಸೇರುತ್ತದೆ. ಈ ಲೆಕ್ಕವನ್ನು ಮಾಡದೆ ಇಸವಿಯನ್ನು ಊಹಿಸಿ ಬರೆದ ಉಲ್ಲೇಖಗಳು ಒಂದು ವರ್ಷದಷ್ಟು ಹಿಂದುಮುಂದಾಗುತ್ತವೆ. ಅಲ್ಲದೆ ಸಂಚಿಕೆಗಳನ್ನು ಒಟ್ಟಾಗಿ ರಟ್ಟು ಹಾಕಿಸುವಾಗ ಮುಖಪುಟ, ಜಾಹೀರಾತು, ಪರಿವಿಡಿಗಳನ್ನು ತೆಗೆದುಬಿಡುವ ರೂಢಿಯೂ ಇತ್ತು. ಅಂತಹ ಸಂಪುಟದಲ್ಲಿ ಸಂಚಿಕೆಯ ಮೊದಲ ಪುಟವನ್ನು ತಾಳ್ಮೆಯಿಂದ ಗುರುತಿಸಬೇಕಾಗುತ್ತದೆ.

ಈ ಸಂದರ್ಭದಲ್ಲಿ ನನ್ನದೇ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ನನ್ನ ಅಧ್ಯಯನಕ್ಕೆ ಬೇಕಾಗಿದ್ದ ಹಳೆಯ ಲೇಖನವೊಂದನ್ನು ಮೂರು ಪಿಎಚ್.ಡಿ. ಪ್ರಬಂಧಗಳು ಒಂದೇ ಸಂಪುಟ, ಒಂದೇ ಪುಟಸಂಖ್ಯೆಯೊಡನೆ ಉಲ್ಲೇಖಿಸಿದ್ದವು. ಮೂವರು ಹೇಳಿದ ಮೇಲೆ ಸಂದೇಹವೇಕೆಂದು ನಾನೂ ಅದನ್ನು ನನ್ನ ಕರಡಿಗೆ ಇಳಿಸಿಕೊಂಡಿದ್ದೆ. ಏಳೆಂಟು ತಿಂಗಳ ಅನಂತರ ಗ್ರಂಥಾಲಯವೊಂದರ ಹಿಂಬದಿಯ ಕೋಣೆಯಲ್ಲಿ ಆ ಸಂಪುಟ ದೊರೆಯಿತು. ಆ ಪುಟದಲ್ಲಿ ಇದ್ದುದು ಬೇರೊಬ್ಬರ ಪುಸ್ತಕವಿಮರ್ಶೆ. ನಾನು ಅರಸುತ್ತಿದ್ದ ಲೇಖನ ಮರುವರ್ಷದ ಸಂಪುಟದಲ್ಲಿತ್ತು. ಅದರ ವಾದವಾದರೋ ಆ ಪ್ರಬಂಧಗಳು ಹೇಳಿದ್ದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿತ್ತು. ಮೊದಲಿಗರು ಮಾಡಿದ ಒಂದು ಕೈತಪ್ಪನ್ನು ಉಳಿದ ಇಬ್ಬರು ನೋಡದೆಯೇ ನಕಲು ಮಾಡಿದ್ದರು, ನಾಲ್ಕನೆಯವನು ನಾನಾಗುವುದರಲ್ಲಿದ್ದೆ. ಇದರಲ್ಲಿ ಅಪ್ರಾಮಾಣಿಕತೆಗಿಂತ ಅಸಹಾಯಕತೆಯ ಪಾಲೇ ಹೆಚ್ಚು ಎಂಬುದು ನನ್ನ ಭಾವನೆ. ಮೂಲವನ್ನು ನೋಡಬಾರದೆಂದು ಅವರು ಹಾಗೆ ಮಾಡಿದವರಲ್ಲ. ಅದು ಎಲ್ಲಿದೆಯೆಂದು ಅವರಿಗೂ ಯಾರೂ ಹೇಳಿರಲಿಲ್ಲ.

5. ಸಾರ್ವಜನಿಕ ಗ್ರಂಥಾಲಯದ ಸ್ಥಾನ

ವಿಶ್ವವಿದ್ಯಾನಿಲಯದ ಸಂಶೋಧಕರು ಸಾರ್ವಜನಿಕ ಗ್ರಂಥಾಲಯವನ್ನು ಪತ್ರಿಕೆ ಓದುವ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಸ್ಥಳವೆಂದು ಕಡೆಗಣಿಸುವುದೇ ಹೆಚ್ಚು. ಇದು ಸರಿಯಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ಸ್ಥಳೀಯ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ, ನಗರ ಕೇಂದ್ರ ಗ್ರಂಥಾಲಯಗಳಿಗೂ ಅವುಗಳ ಶಾಖೆಗಳಿಗೂ ಆರ್ಥಿಕ ನೆಲೆಯನ್ನು ಒದಗಿಸಿತು. ಮನೆಗಂದಾಯದೊಡನೆ ನಾಗರಿಕರು ತೆರುವ ಈ ಕರದಿಂದ ನಡೆಯುವ ಗ್ರಂಥಾಲಯವು ಯಾರ ಔದಾರ್ಯವೂ ಅಲ್ಲ. ಅದು ಓದುಗರ ಹಕ್ಕು.

ಸಂಶೋಧನೆಯ ದೃಷ್ಟಿಯಿಂದ ಸಾರ್ವಜನಿಕ ಗ್ರಂಥಾಲಯದ ವಿಶೇಷವಿರುವುದು ಅದರ ಖರೀದಿಯ ಕ್ರಮದಲ್ಲಿ. ವಿಶ್ವವಿದ್ಯಾನಿಲಯದ ಗ್ರಂಥಾಲಯವು ಅಧ್ಯಾಪಕರ ಶಿಫಾರಸಿನ ಮೇರೆಗೆ ಪುಸ್ತಕಗಳನ್ನು ತರಿಸುತ್ತದೆ. ಆದ್ದರಿಂದ ಅಲ್ಲಿ ವಿಮರ್ಶೆ, ಶಾಸ್ತ್ರ, ಮಾನ್ಯತೆ ಪಡೆದ ಲೇಖಕರ ಕೃತಿಗಳು ಹೆಚ್ಚು. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಸಗಟು ಖರೀದಿ ಯೋಜನೆಯಲ್ಲಿ ಸಣ್ಣಪುಟ್ಟ ಪ್ರಕಾಶನಗಳ ಕೃತಿಗಳನ್ನೂ ಕೊಳ್ಳುತ್ತ ಬಂದಿದೆ. ಜನಪ್ರಿಯ ಕಾದಂಬರಿ, ಪತ್ತೇದಾರಿ ಸಾಹಿತ್ಯ, ಮಕ್ಕಳ ಪುಸ್ತಕ, ಸ್ಥಳಪುರಾಣ, ಜಿಲ್ಲೆಗಳ ಲೇಖಕರು ತಾವೇ ಅಚ್ಚು ಹಾಕಿಸಿದ ಕವನಸಂಕಲನ ಇವೆಲ್ಲ ವಿಮರ್ಶೆಯ ಗಮನಕ್ಕೆ ಬಾರದಿದ್ದರೂ ಶಾಖಾ ಗ್ರಂಥಾಲಯಗಳ ಕಪಾಟಿಗೆ ಬಂದಿವೆ. ಓದುಗವರ್ಗದ ಚರಿತ್ರೆಯನ್ನೋ, ಮಹಿಳಾ ಕಾದಂಬರಿಗಳ ಪ್ರಸಾರವನ್ನೋ ಅಧ್ಯಯನ ಮಾಡುವವರಿಗೆ ಹಾಳೆ ಸವೆದು, ಹಲವರ ಕೈದಾಟಿದ ಈ ಪ್ರತಿಗಳೇ ಪ್ರಾಥಮಿಕ ಆಕರ. ಪುಸ್ತಕದ ಕೊನೆಯಲ್ಲಿ ಅಂಟಿಸಿರುವ ದಿನಾಂಕದ ಚೀಟಿಯೂ ಒಂದು ದಾಖಲೆಯೇ ಸರಿ.

ಮೈಸೂರಿನಲ್ಲಿ ಸಿಗದ ಮುದ್ರಿತ ಪುಸ್ತಕಕ್ಕೆ ಮುಂದಿನ ಮೆಟ್ಟಿಲು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ರಾಜ್ಯದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಗಳನ್ನು ಕಾನೂನಿನ ಮೇರೆಗೆ ಪಡೆಯುವ ಗ್ರಂಥಾಲಯವಿದು. ಇದಲ್ಲದೆ 1954ರ ಕೇಂದ್ರ ಶಾಸನದಂತೆ ದೇಶದ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ ಮೊದಲಾದವುಗಳಿಗೆ ಪ್ರತಿಗಳನ್ನು ಕಳುಹಿಸಬೇಕಾಗಿದೆ. ಕರ್ನಾಟಕದಲ್ಲಿ ಎಲ್ಲಿಯೂ ಸಿಗದ ಕನ್ನಡ ಪುಸ್ತಕವೊಂದು ಚೆನ್ನೈಯಲ್ಲಿ ಸಿಗುವ ಸಾಧ್ಯತೆ ಇರುವುದು ಈ ಕಾರಣದಿಂದ.

ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವು ಹೊಸಬರಿಗೆ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಎರವಲು ಪಡೆಯಲು ಠೇವಣಿಯೊಡನೆ ಸ್ಥಳೀಯ ವಿಳಾಸದ ದಾಖಲೆಯನ್ನು ಕೇಳುವುದು ರೂಢಿ. ಬಾಡಿಗೆ ಕೋಣೆಯಲ್ಲಿರುವ ಅಥವಾ ಹಾಸ್ಟೆಲಿನ ವಿದ್ಯಾರ್ಥಿಯ ಗುರುತಿನ ಪತ್ರದಲ್ಲಿ ಊರಿನ ವಿಳಾಸವಿರುತ್ತದೆ. ವಿಭಾಗದ ಮುಖ್ಯಸ್ಥರು ಅಥವಾ ಹಾಸ್ಟೆಲಿನ ವಾರ್ಡನ್ನರು ಕೊಡುವ ವಾಸದ ದೃಢೀಕರಣ ಪತ್ರದಿಂದ ಈ ತೊಡಕು ಸಾಮಾನ್ಯವಾಗಿ ಬಗೆಹರಿಯುತ್ತದೆ. ಸದಸ್ಯತ್ವ ದೊರೆಯುವವರೆಗೆ ಅಲ್ಲಿಯೇ ಕುಳಿತು ಓದುವುದಕ್ಕೆ ಅಡ್ಡಿಯಿರುವುದಿಲ್ಲ ಎಂಬುದನ್ನು ಅನೇಕರು ತಿಳಿದಿರುವುದಿಲ್ಲ.

ಸರ್ಕಾರದ ಗ್ರಂಥಾಲಯಗಳಾಚೆಗೆ ವ್ಯಕ್ತಿಗಳು ಕಟ್ಟಿದ ಸಂಗ್ರಹಗಳೂ ನಗರದಲ್ಲಿವೆ. ಮೈಸೂರಿನ ರಾಜೀವನಗರದಲ್ಲಿ ಕೂಲಿಕಾರ್ಮಿಕರೊಬ್ಬರು ಸ್ವಂತ ಆಸಕ್ತಿಯಿಂದ ನಡೆಸುತ್ತಿದ್ದ ಉಚಿತ ಗ್ರಂಥಾಲಯವು 2021ರ ಏಪ್ರಿಲ್ ತಿಂಗಳಿನಲ್ಲಿ ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ನಾಶವಾದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಗ್ರಂಥಾಲಯದಲ್ಲಿ ಏನೇನಿತ್ತೆಂದು ಅದು ಉರಿದುಹೋಗುವ ಮೊದಲು ಹೋಗಿ ನೋಡಿದ ಕನ್ನಡ ಸಂಶೋಧಕರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

6. ಅಂತರಜಾಲದ ಆಕರಗಳು ಮತ್ತು ಅವುಗಳ ಮಿತಿ

ಇಂದಿನ ಸಂಶೋಧನಾರ್ಥಿಗಳು ಗ್ರಂಥಾಲಯಕ್ಕಿಂತ ಮೊದಲು ಅಂತರಜಾಲವನ್ನು ನೋಡುವುದು ಸಹಜ, ಅದು ತಪ್ಪೂ ಅಲ್ಲ. ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಪ್ರತಿಬಿಂಬಿಸಲಾದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ಅನಂತರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತಿವೆ. ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ. ಊರಿನಲ್ಲಿ ಕುಳಿತೇ ಇವನ್ನು ಓದಬಹುದಾಗಿರುವುದು ದೂರದ ವಿದ್ಯಾರ್ಥಿಗಳ ಪಾಲಿಗೆ ದೊಡ್ಡ ಅನುಕೂಲ.

ಆದರೆ ಈ ಪ್ರತಿಬಿಂಬಗಳಲ್ಲಿ ಪುಟಗಳು ಬಿಟ್ಟುಹೋಗಿರುವುದು, ಒಂದೇ ಪುಟ ಎರಡು ಬಾರಿ ಬಂದಿರುವುದು, ಶೀರ್ಷಿಕೆಯನ್ನು ಗುರುತು ಸಿಗದಂತೆ ಲಿಪ್ಯಂತರಿಸಿರುವುದು, ಮರುಮುದ್ರಣದ ವರ್ಷವನ್ನು ಮೊದಲ ಮುದ್ರಣದ್ದೆಂದು ದಾಖಲಿಸಿರುವುದು ವಿರಳವಲ್ಲ. ಪರದೆಯಲ್ಲಿ ಸಿಗದ ಪುಸ್ತಕವು ಲೋಕದಲ್ಲಿಯೇ ಇಲ್ಲವೆಂಬ ಭ್ರಮೆಯೂ ಬೆಳೆಯುತ್ತಿದೆ. ಪ್ರತಿಬಿಂಬವನ್ನು ಓದಲು ಬಳಸಿ, ಉಲ್ಲೇಖಿಸುವ ಮುನ್ನ ಅಚ್ಚಿನ ಪ್ರತಿಯ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯನ್ನು ಕಣ್ಣಾರೆ ನೋಡುವುದು ಸುರಕ್ಷಿತವಾದ ಮಾರ್ಗ.

7. ಕೆಲವು ವ್ಯಾವಹಾರಿಕ ಸಂಗತಿಗಳು

ಹಸ್ತಪ್ರತಿ ಭಂಡಾರ, ಶಾಸನ ವಿಭಾಗ ಮತ್ತು ಬೇರೆ ಸಂಸ್ಥೆಗಳ ಗ್ರಂಥಾಲಯಗಳಿಗೆ ಹೋಗುವಾಗ ಮಾರ್ಗದರ್ಶಕರ ಸಹಿಯಿರುವ ಪತ್ರವು ಅಗತ್ಯ. ಪತ್ರದಲ್ಲಿ ಸಂಶೋಧನೆಯ ವಿಷಯವನ್ನು ಮಾತ್ರವಲ್ಲದೆ ನೋಡಬೇಕಾದ ಕೃತಿ, ಪ್ರತಿಸಂಖ್ಯೆಗಳನ್ನೂ ನಮೂದಿಸಿದರೆ ಕೆಲಸ ಸುಗಮವಾಗುತ್ತದೆ. ಮೊದಲು ಮುದ್ರಿತ ಸೂಚಿಯನ್ನು ನೋಡಿ, ಸಂಖ್ಯೆಯನ್ನು ಬರೆದುಕೊಂಡು ಹೋದವರಿಗೂ, ಜನ್ನನ ಪ್ರತಿ ಯಾವುದಾದರೂ ಇದೆಯೇ ಎಂದು ಕೇಳುವವರಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ. ತಾಳೆಗರಿ ಹಾಗೂ ಹಳೆಯ ಕಾಗದದ ಪ್ರತಿಗಳ ಛಾಯಾಚಿತ್ರ ತೆಗೆಯುವ ಮುನ್ನ ಲಿಖಿತ ಅನುಮತಿಯನ್ನು ಪಡೆಯಬೇಕು. ರಟ್ಟು ಸಡಿಲವಾದ ಸಂಪುಟಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಒತ್ತುವುದರಿಂದ ಆಗುವ ಹಾನಿಯನ್ನು ನೆನೆದು, ಬೇಕಾದ ಭಾಗವನ್ನು ಕೈಯಲ್ಲಿ ಬರೆದುಕೊಳ್ಳುವುದೇ ಒಳಿತು.

ಟಿಪ್ಪಣಿಯಲ್ಲಿ ಕೃತಿಯ ವಿವರಗಳೊಡನೆ ಗ್ರಂಥಾಲಯದ ಹೆಸರು, ಪುಸ್ತಕದ ವರ್ಗೀಕರಣ ಸಂಖ್ಯೆ, ದಾಖಲಾತಿ ಸಂಖ್ಯೆ, ನೋಡಿದ ದಿನಾಂಕ ಇವನ್ನೂ ಬರೆದಿಡಬೇಕು. ಎರಡು ವರ್ಷಗಳ ಅನಂತರ ಪುಟಸಂಖ್ಯೆಯನ್ನು ಮತ್ತೆ ಪರಿಶೀಲಿಸಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ಹುಡುಕಿದರೂ ಸಿಗದ ಕೃತಿಗಳ ಪಟ್ಟಿಯೊಂದನ್ನು, ಎಲ್ಲೆಲ್ಲಿ ಹುಡುಕಲಾಯಿತು ಎಂಬ ವಿವರದೊಡನೆ ಇಟ್ಟುಕೊಂಡರೆ ಅದೂ ಮುಂದಿನವರಿಗೆ ಉಪಕಾರ.

ಎಲ್ಲಕ್ಕಿಂತ ಮುಖ್ಯವಾದುದು ಸಿಬ್ಬಂದಿಯೊಡನೆ ಬೆಳೆಸುವ ಸಂಬಂಧ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಓದುಗರ ಸಮಯವನ್ನು ಉಳಿಸಬೇಕೆಂಬುದೂ ಒಂದು. ಈ ಸೂತ್ರವನ್ನು ನಿಜವಾಗಿ ಪಾಲಿಸುತ್ತಿರುವವರು ಅನೇಕ ಸಲ ದೊಡ್ಡ ಹುದ್ದೆಯಲ್ಲಿರುವವರಲ್ಲ. ಇಪ್ಪತ್ತು ಮೂವತ್ತು ವರ್ಷಗಳಿಂದ ಪುಸ್ತಕಗಳನ್ನು ಎತ್ತಿ ಇಟ್ಟು, ಯಾವುದು ಎಲ್ಲಿದೆಯೆಂದು ಕೈಯಳತೆಯಲ್ಲಿ ಬಲ್ಲ ಸಹಾಯಕರು. ಅವರು ನಿವೃತ್ತರಾದಾಗ ಸೂಚಿಗೆ ಸೇರದ ಒಂದು ಸೂಚಿಯೇ ಹೊರಟುಹೋಗುತ್ತದೆ. ಅವರನ್ನು ಗೌರವದಿಂದ ಮಾತನಾಡಿಸಿ, ತನ್ನ ವಿಷಯವನ್ನು ತಿಳಿಯುವಂತೆ ಹೇಳಿದ ಸಂಶೋಧನಾರ್ಥಿಗೆ ಕೇಳದ ಪುಸ್ತಕವೂ ಮೇಜಿನ ಮೇಲೆ ಬಂದು ಕೂರುತ್ತದೆ.

8. ಉಪಸಂಹಾರ

ಮೇಲೆ ಹೇಳಿದ ಯಾವುದೂ ಗಹನವಾದ ವಿದ್ಯೆಯಲ್ಲ. ಬಲ್ಲವರೊಬ್ಬರು ಒಂದು ವಾರ ಜೊತೆಯಲ್ಲಿ ನಡೆದಾಡಿದರೆ ತಿಳಿಸಿಕೊಡಬಹುದಾದವು. ತಾನಾಗಿಯೇ ಕಲಿಯಲು ಹೊರಟರೆ ಒಂದೆರಡು ವರ್ಷ ಹಿಡಿಯುತ್ತವೆ. ಸಂಜೆಯೊಳಗೆ ಊರಿನ ಬಸ್ಸು ಹಿಡಿಯಬೇಕಾದ, ಅರೆಕಾಲಿಕ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಬರುವ, ಶಿಷ್ಯವೇತನದ ಅವಧಿ ಮುಗಿಯುತ್ತಿರುವ ವಿದ್ಯಾರ್ಥಿನಿ ವಿದ್ಯಾರ್ಥಿಗಳಿಗೆ ಆ ಒಂದೆರಡು ವರ್ಷಗಳು ಇರುವುದಿಲ್ಲ.

2009ರ ನಿಯಮಾವಳಿಯು ಪಿಎಚ್.ಡಿ.ಗೆ ಪೂರ್ವಭಾವಿ ಅಧ್ಯಯನವನ್ನು ಕಡ್ಡಾಯಗೊಳಿಸಿತು. ಅದರ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ನಗರದ ಗ್ರಂಥಾಲಯಗಳ ಪ್ರತ್ಯಕ್ಷ ಪರಿಚಯಕ್ಕೆ ಒಂದು ವಾರವನ್ನು ಮೀಸಲಿಡುವುದು, ಪ್ರತಿಯೊಬ್ಬರಿಗೂ ಒಂದು ಹಳೆಯ ಉಲ್ಲೇಖವನ್ನು ಕೊಟ್ಟು ಅದರ ಮೂಲವನ್ನು ಹುಡುಕಿ ತರಿಸುವುದು, ವಿಭಾಗದ ವತಿಯಿಂದ ನಗರದ ಆಕರಸ್ಥಾನಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿ ವರ್ಷವರ್ಷವೂ ತಿದ್ದುವುದು, ಇವು ಮೂರೂ ಹೆಚ್ಚಿನ ಹಣವಿಲ್ಲದೆ ಮಾಡಬಹುದಾದ ಕೆಲಸಗಳು. ಮೂರು ಪ್ರಬಂಧಗಳ ಒಂದೇ ತಪ್ಪು ಪುಟಸಂಖ್ಯೆ ನಾಲ್ಕನೆಯದಕ್ಕೆ ದಾಟದಂತೆ ತಡೆಯುವುದು ಮೌಖಿಕ ಪರೀಕ್ಷೆಯ ದಿನ ಸಾಧ್ಯವಾಗುವುದಿಲ್ಲ. ಅದು ಮೊದಲ ವರ್ಷದಲ್ಲಿ, ಸೂಚಿಯ ಪೆಟ್ಟಿಗೆಯ ಮುಂದೆ ನಡೆಯಬೇಕಾದ ಕೆಲಸ.